ಎರಡನೆಯ ಚೊಚ್ಚಲು

"ಅದು ಲೆಕ್ಕಕ್ಕಿಲ್ಲ," ಎಂದಳು ಅಕ್ಕವ್ವ. ರೊಟ್ಟಿ ಬಡಿಯುವ ಕೈ ಮಾತ್ರ ನಿಲ್ಲಲಿಲ್ಲ. "ಕೂಸು ಉಳದಿದ್ರ ಲೆಕ್ಕ. ಉಳೀಲಿಲ್ಲ. ಹಂಗಾರ ಇದ ಚೊಚ್ಚಲ ಆತಲ್ಲ? ಚೊಚ್ಚಲ ಹೆರಿಗಿ ತವರ ಮನೀದು. ಖರ್ಚು ವೆಚ್ಚ ಏನಿದ್ರೂ ನಿಮ್ಮಣ್ಣನ್ನ ಕೇಳು."

ಶೈಲಾ ಒಲೆಯ ಬದಿಗೆ ಆರು ತಿಂಗಳ ಹೊಟ್ಟೆ ಹೊತ್ತು ನಿಂತಿದ್ದಳು. ಅತ್ತೆಯ ಅಂಗೈ ಕೆಳಗೆ ಹಿಟ್ಟು ತಿರುಗಿ ತಿರುಗಿ ಅಗಲವಾಗುತ್ತಿತ್ತು. ಆ ಹಿಟ್ಟಿನ ಪರಾತವನ್ನು ಎತ್ತಿ ಅಂಗಳಕ್ಕೆ ಬೀಸಿದರೆ ಹೇಗಿರುತ್ತದೆ ಎಂದು ಒಂದು ಗಳಿಗೆ ಯೋಚಿಸಿದಳು. ಬೀಸಲಿಲ್ಲ.

"ಒಂಬತ್ತು ತಿಂಗಳ ಹೊತ್ತೇನಿ ಅತ್ತಿ. ಹಡದೇನಿ. ಹಾಲು ಬಂದು ಎದಿ ಕಟ್ಟಿ ಜ್ವರದಾಗ ಬಿದ್ದಿದ್ನಿ. ಅದು ಹ್ಯಾಂಗ್ರಿ ಲೆಕ್ಕಕ್ಕಿಲ್ಲ?"

"ಹಡದಿಲ್ಲಂತ ಯಾರ ಅಂದ್ರು? ನಾ ಪದ್ಧತಿ ಹೇಳಾಕತ್ತೇನಿ."

ಪದ್ಧತಿ ಶೈಲಾಗೂ ಗೊತ್ತಿತ್ತು. ಮೊದಲ ಹೆರಿಗೆ ತವರಿನದು, ಎರಡನೆಯದರಿಂದ ಮುಂದಿನದೆಲ್ಲ ಗಂಡನ ಮನೆಯದು. ಮೂಡಲಗಿಯಲ್ಲಿ ಯಾವ ಓಣಿಯ ಯಾವ ಮುದುಕಿಯನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದಳು. ಮೊದಲನೆಯದು ಸತ್ತು ಹುಟ್ಟಿದರೆ ಮುಂದಿನದು ಎಷ್ಟನೆಯದು ಎಂಬುದಕ್ಕೆ ಮಾತ್ರ ಪದ್ಧತಿಯಲ್ಲಿ ಉತ್ತರ ಇರಲಿಲ್ಲ. ಉತ್ತರ ಇಲ್ಲದ ಕಡೆ ಪ್ರತಿಯೊಬ್ಬರೂ ತಮಗೆ ಅನುಕೂಲವಾದದ್ದನ್ನು ಪದ್ಧತಿ ಎಂದು ಕರೆಯುತ್ತಾರೆ.

ಎರಡು ವರ್ಷದ ಹಿಂದೆ ಅವಳ ಹೆರಿಗೆ ಗೋಕಾಕದ ಒಂದು ಆಸ್ಪತ್ರೆಯಲ್ಲಿ ಆಗಿತ್ತು. ಆಗಿನ್ನೂ ಅವ್ವ ಬದುಕಿದ್ದಳು. ಹೆರಿಗೆ ಕೋಣೆಯೊಳಗೆ ಮನೆಯವರನ್ನು ಬಿಡುವುದಿಲ್ಲ ಎಂದು ಆಯಾ ಬಾಗಿಲು ಹಾಕಿಕೊಂಡಳು. ಅವ್ವ ಹೊರಗೆ ಬೆಂಚಿನ ಮೇಲೆ ಕೂತು ಬಸವಣ್ಣನನ್ನು ನೆನೆಯುತ್ತಿದ್ದಳು. ಒಳಗೆ ಶೈಲಾ ಒಬ್ಬಳೇ. ನಡುವೆ ಒಮ್ಮೆ ಹೊಟ್ಟೆಯೊಳಗಿನ ಅಲುಗಾಟ ನಿಂತಂತಾಯಿತು. ಸಿಸ್ಟರ್‌ಗೆ ಹೇಳಿದಳು. ಸಿಸ್ಟರ್ ಮೊಬೈಲಿನಿಂದ ಮುಖ ಎತ್ತದೆ, "ಎಲ್ಲಾರೂ ಹಿಂಗ ಅಂತಾರ. ಸುಮ್ಮ ಮಲಗು," ಎಂದಳು. ಮತ್ತೆ ಹೇಳಿದಳು. ಮೂರನೆಯ ಸಲ ಬೈಸಿಕೊಂಡಳು. ಆಮೇಲೆ ಬೇನೆ ಮಾತಾಡಲು ಬಿಡಲಿಲ್ಲ. ಡಾಕ್ಟರು ಬಂದಾಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಆ ಕೋಣೆಯಲ್ಲಿ ಅವಳಿಗೆ ಬೇಕಿದ್ದದ್ದು ಕಣ್ಣೀರು ಒರೆಸುವವರಲ್ಲ. ಬಾಗಿಲು ತೆಗೆದು ಹೊರಗೆ ಹೋಗಿ ಕೂಗುವವರು ಒಬ್ಬರು ಬೇಕಿತ್ತು.

ಅಂಥವಳೊಬ್ಬಳು ಇದ್ದಾಳೆಂದು ತಿಳಿದದ್ದು ಹಾಸ್ಟೆಲ್ ದಿನಗಳ ಗೆಳತಿ ಶೋಭಾಳಿಂದ. ಹುಕ್ಕೇರಿಯ ಕಾಜಲ್. ಕೆಲವು ವರ್ಷ ನರ್ಸ್ ಆಗಿದ್ದು, ಯಾವುದೋ ಡಾಕ್ಟರ ಜೊತೆ ಜಗಳ ಮಾಡಿ ಕೆಲಸ ಬಿಟ್ಟು, ಬೆಳಗಾವಿಯಲ್ಲಿ ತರಬೇತಿ ಪಡೆದು, ಈಗ ಹೆರಿಗೆಗೆ ಜೊತೆ ಹೋಗುವುದನ್ನೇ ಕಸುಬು ಮಾಡಿಕೊಂಡವಳು. ಅದಕ್ಕೆ ಡೌಲಾ ಎಂದು ಹೆಸರು. ಶೈಲಾ ಬಸ್ಸು ಹಿಡಿದು ಹುಕ್ಕೇರಿಗೆ ಹೋದಾಗ ಕಾಜಲ್ ಮನೆಯ ಮುಂದೆ ಸ್ಕೂಟಿ ತೊಳೆಯುತ್ತಿದ್ದಳು. ಒಳಗೆ ಕರೆದು ಚಹಾ ಕೊಟ್ಟಳು. ನಗಲಿಲ್ಲ.

"ನೋಡ್ರಿ ಅಕ್ಕಾರ, ನಾ ಕೂಸು ಹಿಡಿಯಾಕಿ ಅಲ್ಲ. ಅದನ್ನ ಡಾಕ್ಟ್ರು, ಸಿಸ್ಟರ್ ಮಾಡ್ತಾರ. ನಾ ನಿಮ್ಮ ಬಾಜೂಕ ನಿಲ್ಲಾಕಿ. ಬ್ಯಾನಿ ಶುರು ಆದಾಗಿಂದ ಕೂಸು ನಿಮ್ಮ ಎದಿಗೆ ಬರೂತನಕ ಬಿಟ್ಟು ಹೋಗಂಗಿಲ್ಲ. ಬೆನ್ನು ತಿಕ್ಕತೇನಿ, ನಡಸ್ತೇನಿ, ಕುಂಡ್ರಸ್ತೇನಿ. ಕೂಸಿನ ಎದಿ ಬಡತ ನೋಡ್ರಿ ಅಂತ ಸಿಸ್ಟರ್‌ಗೆ ಹೇಳ್ತೇನಿ. ಕೇಳಲಿಲ್ಲಂದ್ರ ಮತ್ತ ಹೇಳ್ತೇನಿ. ಅದಕ್ಕೂ ಕೇಳಲಿಲ್ಲಂದ್ರ ಡಾಕ್ಟರ್ ಬಾಗ್ಲಾ ಬಡೀತೇನಿ."

"ಬೈತಾರಲ್ರಿ?"

"ಬೈಸ್ಕೊಳ್ಳಾಕನ ರೊಕ್ಕ ತಗೊಳ್ತೇನಿ."

ಹನ್ನೆರಡು ಸಾವಿರ. ಹೆರಿಗೆಗೆ ಮೊದಲು ನಾಲ್ಕಾರು ಸಲ ಮನೆಗೆ ಬರುವುದು, ಹೆರಿಗೆಯಾದ ಮೇಲೆ ಒಂದು ವಾರ ಬಾಣಂತಿ ಮತ್ತು ಕೂಸನ್ನು ನೋಡಿಕೊಳ್ಳುವುದು ಎಲ್ಲ ಸೇರಿ. ಅರ್ಧ ಮುಂಗಡ. ಅವಳು ಹೋಗಿಬರುವ ಆಸ್ಪತ್ರೆ ಹುಕ್ಕೇರಿಯಲ್ಲೇ ಇತ್ತು, ಅಲ್ಲಿಯ ಡಾಕ್ಟರಮ್ಮ ಹೆರುವವಳ ಜೊತೆ ಒಬ್ಬರನ್ನು ಒಳಗೆ ಬಿಡುತ್ತಿದ್ದರು.

"ಒಂಚೂರು ಕಡಿಮಿ ಮಾಡ್ಕೊಳ್ರಿ," ಎಂದಳು ಶೈಲಾ.

"ನಿಮ್ಮದು ಗೊಬ್ಬರದ ಅಂಗಡಿ ಅಂದ್ರಲ್ಲ? ಕಬ್ಬು ಕಡ್ಯಾಕ ಹೋಗೂ ಹೆಣ್ಮಕ್ಕಳ ಜೋಡಿ ನಾ ಪುಕಟ್ ಹೋಗೇನಿ. ನಿಮಗ ಯಾಕ ಕಡಿಮಿ ಮಾಡ್ಲಿ? ನಿಮ್ಮಂಥಾವ್ರು ಪೂರಾ ಕೊಟ್ರನ ಅವರ ಜೋಡಿ ಹೋಗಾಕ ಆಗೂದು." ಕಾಜಲ್ ಲೋಟ ಎತ್ತಿಕೊಂಡು ಎದ್ದಳು. "ಏಳು ತುಂಬೂದ್ರಾಗ ಹೇಳ್ರಿ. ಇಲ್ಲಂದ್ರ ಆ ತಾರೀಖು ಮತ್ತೊಬ್ಬರಿಗೆ ಕೊಡ್ತೇನಿ."

ಶೈಲಾಗೆ ಸಿಟ್ಟು ಬರಲಿಲ್ಲ. ಇಷ್ಟು ನೇರವಾಗಿ ಮಾತಾಡುವವಳು ಸಿಸ್ಟರ್ ಮುಂದೆಯೂ ಹೀಗೇ ಮಾತಾಡುತ್ತಾಳೆ ಎಂದು ಧೈರ್ಯ ಬಂತು.

ಧೈರ್ಯ ಮನೆ ಮುಟ್ಟುವವರೆಗೆ ಮಾತ್ರ. ಅಕ್ಕವ್ವ ಡೌಲಾ ಎಂಬ ಹೆಸರು ಕೇಳಿದ್ದೇ, "ಹೆಸರಿನ್ಯಾಗನ ಡೌಲು ಐತಲ್ಲವಾ! ಮೂಗಿಗಿಂತ ಮೂಗುತಿ ಭಾರ," ಎಂದು ನಕ್ಕಳು. "ನಾನ ಬರ್ತೇನಿ ಬಾಜೂಕ. ನನಗ ಒಂದ ಸೀರಿ ಉಡಸು, ಸಾಕು."

"ನೀವು ಡಾಕ್ಟರ್ ಕಂಡ್ರ ಚಪ್ಪಲಿ ಕಳದು ಕೈ ಮುಗೀತೀರಿ ಅತ್ತಿ. ನನಗ ಜಗಳಾ ಮಾಡಾಕಿ ಬೇಕು."

ರೊಟ್ಟಿ ಬಡಿಯುತ್ತ ಅಕ್ಕವ್ವ ಹೇಳಿದ ಲೆಕ್ಕದ ಮಾತು ಇದಾದ ಮರುಗಳಿಗೆಯದು.

ಗಂಡ ಕಾಶಿನಾಥನನ್ನು ಕೇಳಲು ಶೈಲಾ ಅಂಗಡಿಗೇ ಹೋದಳು. ಹೋಗುವುದೇನು, ದಿನವೂ ಅಲ್ಲಿಯೇ ಇರುತ್ತಿದ್ದಳು. ಮದುವೆಗೆ ಮೊದಲು ಸಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದವಳನ್ನು ಬಿಡಿಸಿ ಕೌಂಟರಿನ ಹಿಂದೆ ಕೂರಿಸಿದ್ದರು. ಯೂರಿಯಾ, ಪೊಟ್ಯಾಶ್, ಬೀಜದ ಪಾಕೀಟು, ಎಲ್ಲದರ ಬಿಲ್ಲು ಅವಳದೇ ಕೈ. ಕಬ್ಬಿನ ಬಿಲ್ ಬಂದಾಗ ಕೊಡುತ್ತೇವೆ ಎನ್ನುವವರನ್ನು ಫೋನಿನಲ್ಲಿ ಬೆನ್ನು ಹತ್ತುವವಳೂ ಅವಳೇ.

"ಕೈ ಹಿಡ್ಕೊಂಡ ಕುಂಡ್ರಾಕ ಹನ್ನೆರಡ ಸಾವಿರ?" ಎಂದ ಕಾಶಿನಾಥ. "ಅದಕ್ಕ ನಾ ಇಲ್ಲೇನು?"

"ಹೋದ ಸಲ ನೀವು ಚಾದಂಗಡ್ಯಾಗ ಇದ್ರಿ. ಕೂಸು ಸತ್ತ ಸುದ್ದಿ ಹೇಳಾಕ ನಿಮ್ಮನ್ನ ಹುಡುಕ್ಯಾಡಿ ತಂದ್ರು."

ಅವನು ಸುತ್ತ ನೋಡಿದ. ಗೊಬ್ಬರಕ್ಕೆ ಬಂದಿದ್ದ ಯಲ್ಲಪ್ಪ ಎಂಬ ರೈತ ಚೀಲದ ಮೇಲೆ ಕೂತು ಕಿವಿ ಇತ್ತಲೇ ಕೊಟ್ಟಿದ್ದ.

"ಮನ್ಯಾಗ ಮಾತಾಡೂಣು."

"ಮನ್ಯಾಗ ನಿಮ್ಮವ್ವ ಮಾತಾಡ್ತಾರ, ನೀವು ಉಣ್ತೀರಿ. ಇಲ್ಲೇ ಹೇಳ್ರಿ. ಮದುವಿ ಆದಾಗಿಂದ ಇಲ್ಲಿ ಬಿಲ್ ಬರದೇನಿ. ಆ ಪಗಾರದಾಗ ಕೊಡ್ರಿ."

"ಮನಿ ಸೊಸಿಗೆ ಪಗಾರ ಕೊಡೂದು ಯಾವೂರಾಗ ಕೇಳೀದಿ?"

ಯಲ್ಲಪ್ಪನಿಗೆ ತಡೆಯಲಾಗಲಿಲ್ಲ. "ಕೊಡ್ರಿ ಸಾವಕಾರ್ರ. ಇಲ್ಲಂದ್ರ ನಮ್ಮ ಉದ್ರಿ ಎಲ್ಲಾ ಮಾಫ್ ಮಾಡಿ ಬಿಟ್ಟಾರು ನಿಮ್ಮ ಮನಿಯವ್ರು!"

ಕಾಶಿನಾಥ ನಕ್ಕ. ಗಿರಾಕಿ ನಕ್ಕರೆ ಅವನೂ ನಗುತ್ತಿದ್ದ, ಅದು ಅವನ ವ್ಯಾಪಾರದ ಗುಣ. ಶೈಲಾ ಬಿಲ್ ಪುಸ್ತಕವನ್ನು ಟೇಬಲ್ಲಿನ ಮೇಲೆ ಎತ್ತಿ ಕುಕ್ಕಿ ಹೊರಬಿದ್ದಳು.

ಗೋಕಾಕದಲ್ಲಿ ಅಣ್ಣ ಈಶ್ವರನದು ಡ್ರಿಪ್ ಪೈಪಿನ ಅಂಗಡಿ. ತಂಗಿ ಬಂದಳೆಂದು ಕುರ್ಚಿ ಹಾಕಿಸಿ, ಕಬ್ಬಿನ ಹಾಲು ತರಿಸಿ, ಪೂರ್ತಿ ಮಾತು ಕೇಳಿದ. ಕೇಳಿ, ತೊಡೆ ತಟ್ಟಿದ.

"ಲೆಕ್ಕಕ್ಕಿಲ್ಲಂತನ? ಯಾರ ಅಂದಾಂವ? ಕೂಸು ಉಳದ್ರೂ ಹೆರಿಗಿ, ಸತ್ರೂ ಹೆರಿಗಿ! ನನ್ನ ತಂಗಿ ಹಡದಾಳ!"

ಎರಡು ವರ್ಷದಲ್ಲಿ ಒಬ್ಬರಾದರೂ ಹೀಗೆ ಹೇಳಿರಲಿಲ್ಲ. ಶೈಲಾ ಕಬ್ಬಿನ ಹಾಲಿನ ಲೋಟ ಕೆಳಗಿಟ್ಟು ಅಣ್ಣನ ಮುಖ ನೋಡಿದಳು.

"ಹೋದ ಸಲದ ಆಸ್ಪತ್ರಿ ಬಿಲ್ಲ ನಾನ ಕಟ್ಟೇನಿ," ಎಂದು ಅವನು ಮುಂದುವರಿಸಿದ. "ಒಂದು ಹೆರಿಗಿ ತವರಿಂದು, ಮುಗೀತು. ಇದು ಎರಡನೇದು. ಗಂಡನ ಮನ್ಯಾರು ನೋಡ್ಕೊಳ್ಳಲಿ. ಹಂಗಂತ ಅಕ್ಕವ್ವ ಕಾಕೂಗ ಹೇಳು, ಈಶ್ವರ ಹೇಳ್ಯಾನಂತ ಹೇಳು."

ಅವಳಿಗೆ ಎಲ್ಲ ಒಮ್ಮೆಲೇ ನಿಚ್ಚಳವಾಯಿತು. ಅತ್ತೆ ರೊಕ್ಕ ಉಳಿಸಲು ಅವಳ ಕೂಸನ್ನು ಕಳೆಯುತ್ತಿದ್ದಳು, ಅಣ್ಣ ರೊಕ್ಕ ಉಳಿಸಲು ಅದೇ ಕೂಸನ್ನು ಕೂಡಿಸುತ್ತಿದ್ದ. ಮಣ್ಣಲ್ಲಿ ಮಲಗಿದ್ದ ಕೂಸನ್ನು ಇಬ್ಬರೂ ಅಗೆದು ಅಗೆದು ತೆಗೆಯುತ್ತಿದ್ದರು, ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಒಗೆಯುತ್ತಿದ್ದರು.

"ನೀನೂ ಹಂಗಣ್ಣಾ," ಎಂದು ಎದ್ದಳು.

"ಯಾಕವಾ? ನಾ ನಿನ್ನ ಕಡೇನ ಮಾತಾಡಿದ್ನಲ್ಲಾ?"

ಉಳಿದದ್ದು ಸಂಘ. ಓಣಿಯ ಮಹಿಳಾ ಸಂಘದ ಅಧ್ಯಕ್ಷೆ ಸುಂದ್ರವ್ವ ಸಾಲದ ವಿಷಯದಲ್ಲಿ ಪಳಗಿದವಳು. ಹೆರಿಗೆಯಲ್ಲಿ ಜೊತೆಗಿರುವವಳಿಗೆ ಎಂದು ಸಾಲ ಬರುವುದಿಲ್ಲ, ಆದಾಯ ಬರುವ ಕೆಲಸಕ್ಕೆ ಮಾತ್ರ ಎಂದಳು. "ಆಡು ತರತೇನಿ ಅಂತ ಬರಸು."

"ನೋಡಾಕ ಬಂದ್ರ?"

"ನಮ್ಮನಿ ಆಡು ತೋರಸು. ಎಲ್ಲಾರೂ ಅದನ್ನ ತೋರಸ್ಯಾರ. ಅದೂ ಫೋಟೊ ಅಂದ್ರ ತಾನ ಮಾರಿ ಎತ್ತಿ ನಿಲ್ಲತೈತಿ ಈಗ."

ಬಹಳ ದಿನದ ಮೇಲೆ ಶೈಲಾಗೆ ನಗು ಬಂತು. ಆದರೆ ಅರ್ಜಿಗೆ ಗಂಡನ ಸಹಿ ಬೇಕಿತ್ತು. ಕಾಶಿನಾಥ ಅದನ್ನು ಓದಿ ನಾಲ್ಕಾಗಿ ಮಡಚಿ ಅವಳ ಕೈಗೇ ಕೊಟ್ಟ. "ಗೊಬ್ಬರದಂಗಡಿ ಸೊಸಿ ಆಡಿನ ಸಾಲಾ ತಗೊಂಡ್ಳು ಅಂದ್ರ ಪ್ಯಾಟ್ಯಾಗ ನಾ ತಲಿ ಎತ್ತಿ ತಿರಗಬೇಕೋ ಬ್ಯಾಡೋ?"

ಇಷ್ಟರಲ್ಲಿ ಎರಡೂ ಮನೆಯ ನಡುವೆ ಫೋನು ಓಡಾಡಿ ಬೇರೆಯದೇ ಒಂದು ಒಪ್ಪಂದವಾಗಿತ್ತು. ಕುಬಸ ಮಾಡುವುದು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಊರಿಗೆಲ್ಲ ಊಟ ಹಾಕುವ ಕಾರ್ಯ. ಅದು ಚೊಚ್ಚಲ ಬಸುರಿಗೆ ಮಾತ್ರ. ಹೋದ ಸಲವೂ ಆಗಿತ್ತು. ಆ ಸಲದ್ದು ಅಪಶಕುನವಾಯಿತು, ಅದನ್ನು ಮರೆತು ಹೊಸದಾಗಿ ಮಾಡಬೇಕು ಎಂದು ಅಕ್ಕವ್ವ ಹಟ ಹಿಡಿದಳು. ಮಾಡದಿದ್ದರೆ ಬೀಗರ ಮುಂದೆ ಸಣ್ಣವರಾಗುತ್ತೇವೆ ಎಂದು ಈಶ್ವರ ಒಪ್ಪಿದ. ಹೆರಿಗೆ ನಮ್ಮದಲ್ಲ ಎಂದವನು ಕುಬಸ ನಮ್ಮದು ಎಂದ. ಹೆರಿಗೆ ನಡೆಯುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಯಾರೂ ನೋಡುವುದಿಲ್ಲ. ಕುಬಸ ನಡೆಯುವುದು ಪೆಂಡಾಲಿನಲ್ಲಿ.

ಮನೆ ಮುಂದಿನ ರಸ್ತೆಗೆ ಅಡ್ಡಲಾಗಿ ಪೆಂಡಾಲು ಬಿತ್ತು. ಗೋಕಾಕದಿಂದ ಎರಡು ಗಾಡಿ ತುಂಬ ಬುತ್ತಿ ಬಂತು. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಕಟಿ ರೊಟ್ಟಿ, ಕರಿಗಡಬು, ಬುಟ್ಟಿ ಬುಟ್ಟಿ ಉಂಡಿ. ಬಾಡಿಗೆ ಸೌಂಡ್ ಬಾಕ್ಸು ಎದೆ ನಡುಗುವ ಹಾಗೆ ಒದರುತ್ತಿತ್ತು. ಶೈಲಾಳನ್ನು ಹೂವು ಸುತ್ತಿದ ಕುರ್ಚಿಯ ಮೇಲೆ ಕೂರಿಸಿದರು. ಬಂದ ಹೆಂಗಸರು ಒಬ್ಬೊಬ್ಬರಾಗಿ ಉಡಿಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಜಂಪರ ಪೀಸು ಹಾಕಿದರು. ಆ ಪೀಸುಗಳು ಯಾರ ಮೈಗೂ ಹತ್ತುವುದಿಲ್ಲ, ಒಂದು ಉಡಿಯಿಂದ ಇನ್ನೊಂದು ಉಡಿಗೆ ತಿರುಗುತ್ತವೆ. ಅದರಲ್ಲೊಂದು ತಾನೇ ಹೋದ ವರ್ಷ ಇನ್ನೊಬ್ಬಳಿಗೆ ಹಾಕಿದ ಕಂದು ಬಣ್ಣದ್ದು ಎಂದು ಶೈಲಾ ಗುರುತಿಸಿದಳು.

ಆಮೇಲೆ ಅಳಿಯನಿಗೆ ಆಯೇರಿ, ತವರಿನವರ ಉಡುಗೊರೆ. ಈಶ್ವರ ಕಿಸೆಯಿಂದ ಕೆಂಪು ಡಬ್ಬಿ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಕಾಶಿನಾಥನ ಬೆರಳಿಗೆ ಬಂಗಾರದ ಉಂಗುರ ತೊಡಿಸಿದ. ದಪ್ಪನೆಯ ಉಂಗುರ. ಮೈಕಿನಲ್ಲಿ ಅದರ ತೂಕವನ್ನೂ ಹೇಳಿಸಿದ. ಗಂಡಸರು ಚಪ್ಪಾಳೆ ತಟ್ಟಿದರು. ಕಾಶಿನಾಥ ಕೈಯನ್ನು ಮುಂದೆ ಚಾಚಿ ನೋಡಿಕೊಂಡ.

ಶೈಲಾಳ ಮೈ ಕಾಲಿನಿಂದ ತಲೆಯವರೆಗೆ ಉರಿಯಿತು.

ಉಡಿ ತುಂಬಿ ಮುಗಿದ ಮೇಲೆ ಅತ್ತೆಯಾದವಳು ಬಸುರಿಗೆ ಬಯಕೆ ಕೇಳಬೇಕು. ಹುಣಸೆಕಾಯಿ, ಮಾವಿನಕಾಯಿ, ಕರದಂಟು ಎಂದೇನೋ ಹೇಳಿದರೆ ನಾಲ್ಕು ಜನ ನಕ್ಕು ಆರತಿ ಎತ್ತುತ್ತಾರೆ. ಅಕ್ಕವ್ವ ಸೊಸೆಯ ಗಲ್ಲ ಮುಟ್ಟಿ, ಮೈಕಿಗೆ ಬಾಯಿ ಕೊಟ್ಟು, "ಏನ ಬಯಕಿ ಐತಿ ಹೇಳವಾ ನನ್ನ ಮಗಳ?" ಎಂದಳು.

"ಅವರ ಬಟ್ಟಿನ್ಯಾಗಿನ ಉಂಗುರ," ಎಂದಳು ಶೈಲಾ.

ಪೆಂಡಾಲು ಗೊಳ್ಳೆಂದಿತು. "ಅಯ್ಯ, ಗಂಡನ ಉಂಗುರದ ಮ್ಯಾಲ ಕಣ್ಣು!" "ಹಾಕ್ಕೊಂಡ ನೋಡ್ತಾಳಂತ, ಕೊಡೋ ಕಾಶಿನಾಥ!"

"ಹಾಕ್ಕೊಳ್ಳಾಕಲ್ಲ. ಮಾರಾಕ."

ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಂದೊಂದಾಗಿ ಆರಿತು. ಅಕ್ಕವ್ವ ಮೈಕನ್ನು ಕೆಳಗಿಳಿಸಿದಳು. ಶೈಲಾಗೆ ಮೈಕು ಬೇಕಿರಲಿಲ್ಲ. ಸಾಲೆಯಲ್ಲಿ ಮಕ್ಕಳ ಗದ್ದಲದ ಮೇಲೆ ಪಾಠ ಹೇಳಿದ ಗಂಟಲು ಅದು.

"ಹೆರಾಕಿ ನಾನು, ಉಂಗುರ ಅವರಿಗೆ. ಹೆರಿಗಿ ಹೊತ್ನ್ಯಾಗ ಬಾಜೂಕ ಒಬ್ಬಾಕಿ ಇರ್ಲಿ, ಆಕಿಗೆ ರೊಕ್ಕ ಕೊಡ್ರಿ ಅಂತ ಕೇಳಿದ್ನಿ. ಅತ್ತಿ ಅಂದ್ರು, ಮೊದಲಿನ ಕೂಸು ಲೆಕ್ಕಕ್ಕಿಲ್ಲ, ಇದು ಚೊಚ್ಚಲ, ತವರ ಮನ್ಯಾರ ಕೊಡ್ಲಿ. ಅಣ್ಣ ಅಂದ, ಅದು ಲೆಕ್ಕಕ್ಕೈತಿ, ಇದು ಎರಡನೇದು, ಗಂಡನ ಮನ್ಯಾರ ಕೊಡ್ಲಿ. ಇವತ್ತ ಇಬ್ರೂ ಇಲ್ಲೆ ಅದಾರ. ನನಗ ಕೂಸು ಆಗಿತ್ತೋ ಇಲ್ಲೋ, ಎಲ್ಲಾರ ಮುಂದ ಒಂದ ಮಾತ ಹೇಳ್ರಿ."

ಈಶ್ವರ ಚಪ್ಪಲಿಯ ತುದಿ ನೋಡಿದ. ಅಕ್ಕವ್ವನ ಕೈಯ ಮೈಕು ಕುಂಯ್ ಎಂದು ಕಿರುಚಿತು.

"ಹೇಳಾಕ ಆಗಂಗಿಲ್ಲಂದ್ರ ಉಂಗುರ ಕೊಡ್ರಿ. ಅಲ್ಲೀತನಕ ಈ ಕುರ್ಚಿ ಬಿಟ್ಟು ಏಳಂಗಿಲ್ಲ. ಆರತೀನೂ ಬ್ಯಾಡ."

"ಇಳದು ಬಾ. ಹುಚ್ಚು ಹಿಡದೈತೇನು?" ಕಾಶಿನಾಥ ಹಲ್ಲು ಕಚ್ಚಿದ.

ಆಗ ಮುಂದಿನ ಸಾಲಿನಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಒಬ್ಬ ಮುದುಕಿ ಬಾಯಿಬಿಟ್ಟಳು. "ಕೊಟ್ಟ ಬಿಡಪಾ ತಮ್ಮಾ. ಬಸರಿ ಬಯಕಿ ಮುರೀಬಾರ್ದು. ಹುಟ್ಟೂ ಕೂಸಿನ ಕಿವಿ ಸೋರತಾವ." ಪಕ್ಕದವಳು ಹೌದೆಂದಳು. ತನ್ನ ತಂಗಿಯ ಮಗನಿಗೆ ಹಾಗೇ ಆಗಿದೆ, ಇನ್ನೂ ಹತ್ತಿ ಇಟ್ಟುಕೊಂಡು ತಿರುಗುತ್ತಾನೆ ಎಂದು ಮತ್ತೊಬ್ಬಳು ಸೇರಿಸಿದಳು. ಮಾತು ಸಾಲಿನಿಂದ ಸಾಲಿಗೆ ಹರಿಯಿತು. ಅಕ್ಕವ್ವನ ಮುಖ ಬಿಳಚಿಕೊಂಡಿತು. ಕೂಸಿನ ಉಸಿರಿಗೆ ಹೆದರದವರು ಕೂಸಿನ ಕಿವಿಗೆ ಹೆದರಿದರು.

"ಕೊಡೋ," ಎಂದಳು ಮಗನಿಗೆ.

ಉಂಗುರ ಬರಲಿಲ್ಲ. ಬೆರಳು ದಪ್ಪಗಿತ್ತು, ಅಳತೆ ತಪ್ಪಿತ್ತು. ಕಾಶಿನಾಥ ಎಳೆದ, ತಿರುಚಿದ. ಕೊನೆಗೆ ಹೋಳಿಗೆಗೆ ಇಟ್ಟಿದ್ದ ತುಪ್ಪದ ಬಟ್ಟಲು ತಂದು, ಬೆರಳಿಗೆ ತುಪ್ಪ ಸವರಿ, ಅವನ ಕಾಕಾ ಉಂಗುರ ಹಿಡಿದು ಜಗ್ಗಿದ. ಯಾರಿಗೂ ನಗುವ ಧೈರ್ಯವಾಗಲಿಲ್ಲ. ಬಿಡಿಸಿದ ಉಂಗುರವನ್ನು ಕಾಶಿನಾಥ ಅವಳ ಉಡಿಯ ಅಕ್ಕಿಯೊಳಗೆ ಒಗೆದು ಪೆಂಡಾಲಿನಿಂದ ಹೊರಗೆ ನಡೆದ. ಶೈಲಾ ಅದನ್ನು ಅಕ್ಕಿಯಿಂದ ಆರಿಸಿ, ಸೆರಗಿನಿಂದ ತುಪ್ಪ ಒರೆಸಿ, ಮುಷ್ಟಿಯಲ್ಲಿ ಹಿಡಿದು, "ಈಗ ಆರತಿ ಮಾಡ್ರಿ," ಎಂದಳು.

ಈಶ್ವರ ಊಟ ಮಾಡದೆ ಹೋದ. "ಮಂದಿ ಮುಂದ ನನ್ನ ಮಾನ ತಗದಿ. ಇನ್ನ ಮ್ಯಾಲ ತವರಿಲ್ಲ ನಿನಗ," ಎಂದ. ಅಕ್ಕವ್ವ ಅವಳ ಜೊತೆ ಮಾತು ಬಿಟ್ಟಳು, ಬೇಕಾದದ್ದನ್ನು ಗೋಡೆಗೆ ಹೇಳತೊಡಗಿದಳು.

ಕಾಜಲ್ ಫೋನಿನಲ್ಲಿ, "ಉಂಗುರ ನಾ ತಗೊಳ್ಳಂಗಿಲ್ರಿ, ರೊಕ್ಕ ಮಾಡ್ಕೊಂಡ ಬರ್ರಿ," ಎಂದಳು. ಗೋಕಾಕದ ಸರಾಫ ಗುರುಲಿಂಗಪ್ಪ, "ಗಂಡಸರ ಉಂಗುರ ಐತಿ ತಂಗಿ, ಯಜಮಾನ್ರು ಬರಬೇಕು," ಎಂದು ತಿರುಗಿ ಕಳಿಸಿದ. ಅವಳು ಕಾಶಿನಾಥನಿಗೆ ಒಂದೇ ಮಾತು ಹೇಳಿದಳು: ಬರದಿದ್ದರೆ ನಾಳೆಯಿಂದ ಅಂಗಡಿಯ ಬಿಲ್ಲು ನೀವೇ ಬರೆಯಿರಿ. ಅವನು ಬಂದ. ಇಡೀ ದಾರಿ ಗಾಡಿಯ ಹಾರ್ನಿನ ಮೇಲೆ ಸಿಟ್ಟು ತೀರಿಸಿಕೊಂಡ.

ಸರಾಫ ಉಂಗುರವನ್ನು ತಕ್ಕಡಿಗೆ ಇಟ್ಟ. "ಮಾರೂವಂಥಾ ಅಡಚಣಿ ಏನ ಬಂತ್ರಿ ಮಾಲಕ್ರ?"

"ಅಡಚಣಿ ಏನಿಲ್ರಿ. ಹೆರಿಗಿ ಖರ್ಚು."

"ಚೊಚ್ಚಲ ಏನ್ರಿ?"

ಕಾಶಿನಾಥ ತಕ್ಕಡಿಯನ್ನೇ ನೋಡುತ್ತ, "ಹೂಂ," ಎಂದ.

"ಎರಡನೇದ್ರಿ," ಎಂದಳು ಶೈಲಾ. ಅಂಗಡಿಯ ಇನ್ನಿಬ್ಬರು ಗಿರಾಕಿಗಳು ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಮೊದಲಿಂದು ಗಂಡು. ಸತ್ತ ಹುಟ್ಟಿತು."

ಗುರುಲಿಂಗಪ್ಪ ಲೊಚಗುಟ್ಟಿ, ನೋಟುಗಳನ್ನು ರೂಢಿಯಂತೆ ಗಂಡಸಿನ ಮುಂದೆ ಇಟ್ಟ. ಶೈಲಾ ಕೈ ಚಾಚಿ ಎತ್ತಿಕೊಂಡಳು.

ಹೊರಗೆ ಬಿಸಿಲಿಗೆ ಬಂದ ಮೇಲೆ ಕಾಶಿನಾಥ ನಿಂತ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಗಂಡೋ ಹೆಣ್ಣೋ ಎಂಬುದನ್ನು ಅವಳಿಗೆ ಹೇಳಬಾರದೆಂದು ಮನೆಯವರೆಲ್ಲ ಅಂದೇ ಮಾತಾಡಿಕೊಂಡಿದ್ದರು. ಟಾವೆಲಿನಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿದವನು ಅವನೇ.

"ಗಂಡಂತ ನಿನಗ ಯಾರು ಹೇಳಿದ್ರು?"

"ಪಾಳಿ ಬದಲಾಗಿ ಬಂದ ಆಯಾ. ಗಂಡು ಹುಟ್ಟೇತಿ, ಐದನೂರು ಕೊಡ್ರಿ ಅಂತ ನನ್ನ ಹಾಸಿಗಿ ಮುಂದ ಬಂದು ನಿಂತಿದ್ಲು. ಸತ್ತದಂತ ಆಕಿಗೆ ಗೊತ್ತಿದ್ದಿಲ್ಲ. ಗೊತ್ತಾದ ಮ್ಯಾಲ ಹೊಳ್ಳಿ ಹೋದ್ಲು."

ಅವನು ಕಿಸೆಯಿಂದ ಗಾಡಿಯ ಕೀಲಿ ತೆಗೆದ. "ಗಾಡಿ ಹತ್ತು, ಮನಿಗೆ ಹೋಗೂಣು," ಎಂದ.

"ನೀವು ಹೋಗ್ರಿ. ನಾ ಹುಕ್ಕೇರಿಗೆ ಹೋಗಿ ಬರ್ತೇನಿ."

ನಿಲ್ದಾಣದಲ್ಲಿ ಹುಕ್ಕೇರಿ ಬಸ್ಸು ಹೊರಡಲು ನಿಂತಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಅವಳು ಎರಡೂ ಕೈಯಿಂದ ಜನರನ್ನು ಸರಿಸಿಕೊಂಡು ಹತ್ತಿದಳು. ಮುಂದಿನ ಸೀಟಿನಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನವನೊಬ್ಬ ಕಿವಿಗೆ ವಾಯರ್ ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುತ್ತ, ಅವಳ ಹೊಟ್ಟೆ ಕಂಡರೂ ಕಾಣದವನಂತೆ ಕೂತಿದ್ದ. ಶೈಲಾ ಅವನ ಕಿವಿಯ ವಾಯರನ್ನು ಹಿಡಿದು ಜಗ್ಗಿದಳು.

"ಏಳು."

ಅವನು ಎದ್ದ.